ಸತ್ತವರ ಕಾರನ್ನು ಮನೆ ಮುಟ್ಟಿಸುವ ಡ್ವೈಟ್

ಬೆಳಗಿನ ಐದೂವರೆ. ನಿನ್ನೆ ರೇಸಿಗೆ ಬಂದವರೆಲ್ಲ ಹೊರಟುಹೋಗಿ, ಮೈದಾನದ ಹುಲ್ಲಿನ ಮೇಲೆ ಒಂದೇ ಒಂದು ಹಳೆಯ ಪ್ಲಿಮತ್ ಕಾರು ಉಳಿದಿದೆ. ಡ್ವೈಟ್ ಹೋಲ್ಕಾಂಬ್ ಅದರ ಗಾಜಿನ ಇಬ್ಬನಿಯನ್ನು ತೋಳಿನಿಂದ ಒರೆಸುತ್ತಿದ್ದಾರೆ. ಕಾರು ಅವರದಲ್ಲ. ನಿನ್ನೆ ಮೂರನೇ ತಿರುವಿನಲ್ಲಿ ರೇಸ್ ಕಾರು ಮಗುಚಿ ಸತ್ತ ಲೈಲ್ ಬ್ರಾಂಟ್ನರ್ ಅವರದು. ಇನ್ನೂರ ಹತ್ತು ಮೈಲಿ ಓಡಿಸಿ ಅದನ್ನು ಲೈಲ್ ಹೆಂಡತಿಗೆ ಒಪ್ಪಿಸಬೇಕು.

ಪತ್ರಿಕೆಗೆ ಬರೆಯುವ ನಾನೂ ಅವರ ಪಕ್ಕದಲ್ಲಿ ಹತ್ತಿ ಕೂರುತ್ತೇನೆ. ಲೈಲ್ ಕುಳ್ಳಗಿದ್ದವರು, ಡ್ವೈಟ್ ಆರಡಿ ಎತ್ತರ. ಮೊಣಕಾಲು ಸ್ಟಿಯರಿಂಗಿಗೆ ಉಜ್ಜುತ್ತಿದ್ದರೂ ಸೀಟನ್ನು ಹಿಂದಕ್ಕೆ ಸರಿಸುವುದಿಲ್ಲ.

"ಹಿಂದೆ ಒಂದ್ಸಲ ಬೇರೊಬ್ರ ಕಾರಲ್ಲಿ ತಿಳೀದೆ ಸರಿಸ್ಬಿಟ್ಟಿದ್ದೆ. ಮನೇಲಿ ಅವರ ಹೆಂಡ್ತಿ ಒಳಗೆ ಕೂತು ನೋಡಿದ್ರು. 'ಅವರು ಕೂತಿದ್ದ ಜಾಗಾನೂ ಉಳಿಸ್ಲಿಲ್ವಲ್ಲ' ಅಂತ ಅತ್ಬಿಟ್ರು. ಆಮೇಲೆ ಯಾವತ್ತೂ ಮುಟ್ಟಿಲ್ಲ."

ಡ್ವೈಟ್ ಹೀಗೆ ಮನೆ ಮುಟ್ಟಿಸುತ್ತಿರುವ ಹನ್ನೊಂದನೆಯ ಕಾರು ಇದು. ಗೆದ್ದವರ ಫೋಟೋ ಹಾಕುವ ನಮ್ಮ ಪತ್ರಿಕೆಗಳಿಗೆ ಈ ಲೆಕ್ಕ ಬೇಕಿಲ್ಲ. ಯುದ್ಧದಿಂದ ಬಂದ ಮರುವರ್ಷದಿಂದ, ಚಕ್ರಕ್ಕೆ ಮುಚ್ಚಳವಿಲ್ಲದ ಆ ರೇಸ್ ಕಾರುಗಳ ಹಿಂದೆ ಡ್ವೈಟ್ ಹತ್ತು ವರ್ಷ ಅಲೆದಿದ್ದಾರೆ. ಓಡಿಸಲು ಸಿಕ್ಕಿದ್ದು ಮೂವತ್ತೊಂದು ರೇಸ್ ಮಾತ್ರ. ಹಲ್ಲಿದ್ದವನಿಗೆ ಕಡಲೆಯಿಲ್ಲ. ಎರಡು ವರ್ಷದಿಂದಂತೂ ಯಾವ ಮಾಲೀಕನೂ ಕರೆದಿಲ್ಲ, ಇವರನ್ನು ಕಂಡರೆ ಅಪಶಕುನ ಎನ್ನುವವರೇ ಹೆಚ್ಚು.

"ಹುಡುಗ್ರು ತಮಾಷೆ ಮಾಡ್ತಾರೆ. 'ಡ್ವೈಟಣ್ಣ, ನನ್ನ ಕಾರಿನ ಮೇಲೆ ಕಣ್ಣು ಹಾಕ್ಬೇಡ, ಹೊಸದು' ಅಂತಾರೆ. ನಾನೂ ನಗ್ತೀನಿ. ಏನ್ ಮಾಡೋದು?"

ನಿನ್ನೆ ಸಂಜೆ ಮಾತ್ರ ಒಬ್ಬ ಮಾಲೀಕ ಕರೆದಿದ್ದಾನೆ. ಲೈಲ್ ಓಡಿಸುತ್ತಿದ್ದ ರೇಸ್ ಕಾರನ್ನೇ ರಿಪೇರಿ ಮಾಡಿಸಿ, ಬರುವ ಭಾನುವಾರ ಡ್ವೈಟ್ ಕೈಗೆ ಕೊಡುತ್ತಾನಂತೆ. ಡ್ವೈಟ್ ಒಪ್ಪಿದ್ದಾರೆ. ಅದನ್ನು ಲೈಲ್ ಹೆಂಡತಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ತುಟಿ ಕಚ್ಚಿಕೊಂಡಿದ್ದಾರೆ.

ಲೈಲ್ ಹೆಂಡತಿ ಆರ್ಡಿಸ್ ಬ್ರಾಂಟ್ನರ್ ಬಾಗಿಲಲ್ಲೇ ನಿಂತಿದ್ದಾರೆ. ಬೀಗದ ಕೈ ಇಸಿದುಕೊಂಡು, ಒಳಗೆ ಕರೆದು, ನೆರೆಯವರು ತಂದಿಟ್ಟ ಹಂದಿಮಾಂಸ ಮತ್ತು ಆಲೂಗಡ್ಡೆ ಬಡಿಸುತ್ತಾರೆ. ಡ್ವೈಟ್ ತುತ್ತೆತ್ತುವುದಿಲ್ಲ.

"ಆ ರೇಸ್ ಕಾರನ್ನ ಯಾರಿಗೆ ಕೊಟ್ರು?" ಆರ್ಡಿಸ್ ಕೇಳುತ್ತಾರೆ.

"ನನಗೆ."

ಆಕೆ ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸುತ್ತಾರೆ. "ಬೇರೆ ಯಾರಾದ್ರೂ ಆಗಿದ್ರೆ ಬೈತಿದ್ದೆ," ಎನ್ನುತ್ತಾರೆ. "ಊಟ ಮಾಡು. ಆದ್ರೆ ಒಂದು ಹೇಳು ಡ್ವೈಟ್, ನಿನ್ ಕಾರನ್ನ ಜೂನ್ ಹತ್ರ ಯಾರು ತಂದುಕೊಡ್ತಾರೆ?"

ಜೂನ್ ಎಂದರೆ ಡ್ವೈಟ್ ಹೆಂಡತಿ. ಡ್ವೈಟ್ ತಲೆತಗ್ಗಿಸಿ ತಟ್ಟೆ ಖಾಲಿ ಮಾಡುತ್ತಾರೆ.

ವಾಪಸ್ ಹೋಗಲು ಬಸ್ಸಿಗೆ ಕಾಯುವಾಗ, ಬೇಡವೆಂದುಕೊಂಡರೂ ನಾನು ಅದೇ ಪ್ರಶ್ನೆಯನ್ನು ಕೇಳಿಬಿಡುತ್ತೇನೆ. ಡ್ವೈಟ್ ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಾರೆ.

"ಅದನ್ನ ನಿನ್ನೇನೇ ಯೋಚನೆ ಮಾಡ್ದೆ. ಭಾನುವಾರ ರೇಸಿಗೆ ಬಸ್ಸಲ್ಲೇ ಹೋಗ್ತೀನಿ. ನನ್ ಕಾರು ಮನೇಲೇ ಇರ್ಲಿ. ಪಾಪ, ಯಾರಿಗೂ ಈ ಕೆಲಸ ಬೀಳ್ಬಾರ್ದು."