ದರಪಟ್ಟಿಯವನ ಖಾಲಿ ಪೆಟ್ಟಿಗೆ

ಹೆತ್ತವರು ಇಟ್ಟ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ದರಪಟ್ಟಿ ಎಂದು. ಇಪ್ಪತ್ತಾರು ವರ್ಷದಿಂದ ಖರೀದಿ ವಿಭಾಗದ ಗುಮಾಸ್ತ. ಗುಂಡುಸೂಜಿಯಿಂದ ಹಿಡಿದು ಕಬ್ಬಿಣದ ಬೀರುವಿನವರೆಗೆ ಏನೇ ಕೊಳ್ಳಬೇಕಾದರೂ ಮೂರು ಅಂಗಡಿಗಳಿಂದ ದರಪಟ್ಟಿ ತರಿಸಬೇಕು, ಮೂರನ್ನೂ ಅಕ್ಕಪಕ್ಕ ಬರೆದು ಹೋಲಿಕೆ ಪಟ್ಟಿ ಮಾಡಬೇಕು, ಆಮೇಲೆ ಸಹಿ. ಒಂದು ದರಪಟ್ಟಿಯ ಆಯುಸ್ಸು ಮೂವತ್ತು ದಿನ. ಮೂರನೆಯದು ಬರುವಷ್ಟರಲ್ಲಿ ಮೊದಲನೆಯದು ತೀರಿಕೊಂಡಿದ್ದರೆ ಮತ್ತೆ ಮೊದಲಿನಿಂದ. ಗೋಡೆ ಗಡಿಯಾರಕ್ಕೆ ಒಂದು ಸೆಲ್ ಕೊಳ್ಳಲು ಹೀಗೆ ಏಳು ತಿಂಗಳು ಹಿಡಿದಿತ್ತು. ಆ ಏಳು ತಿಂಗಳೂ ಗಡಿಯಾರ ಹತ್ತಕ್ಕೆ ಐದು ನಿಮಿಷ ಇದೆ ಎಂದೇ ಸಾಧಿಸಿದ್ದರಿಂದ ತಡವಾಗಿ ಬಂದವರು ಯಾರೂ ಇರಲಿಲ್ಲ, ಹಾಗಾಗಿ ಯಾರೂ ಅವನನ್ನು ಬೈಯಲೂ ಇಲ್ಲ.

ಕಚೇರಿಯ ಮಟ್ಟಿಗೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಈ ಪುಣ್ಯಾತ್ಮ ಆ ಚಟವನ್ನು ಮನೆಗೂ ಹೊತ್ತು ತಂದಿದ್ದ. ಅವನ ಹೆಂಡತಿ ಮದುವೆಯಾದ ಎರಡನೇ ವರ್ಷಕ್ಕೇ ಉಪಾಯ ಕಂಡುಕೊಂಡಿದ್ದಳು: ಬೇಕಾದ ಪಾತ್ರೆ, ಚಾದರ, ಬಕೆಟ್ಟುಗಳನ್ನು ಸದ್ದಿಲ್ಲದೆ ತಂದು, ಅವನು ಕೇಳಿದರೆ "ಮೊದಲಿಂದ್ಲೂ ಇತ್ತಲ್ರೀ" ಅನ್ನುವುದು. ಆದರೆ ಕಂಪ್ಯೂಟರ್ ಅವನ ಇಲಾಖೆ. ಅದರಲ್ಲಿ ಬೇರೆಯವರು ಕೈಹಾಕುವಂತಿರಲಿಲ್ಲ.

ಆ ಕಂಪ್ಯೂಟರಿನೊಳಗೆ ಅವನ ಅಕ್ಕನ ದನಿ ಇತ್ತು. ಅಕ್ಕ ಅಂದರೆ ಅವನನ್ನು ಎತ್ತಿ ಆಡಿಸಿದವಳು, ಮೂವತ್ತು ವರ್ಷ ಸಣ್ಣ ಮಕ್ಕಳಿಗೆ ಪಾಠ ಹೇಳಿದವಳು, ಈಗ ಇವರ ಜೊತೆಗೇ ಇದ್ದವಳು. ಗಂಟಲಿನ ಶಸ್ತ್ರಚಿಕಿತ್ಸೆ ಆಗಲೇಬೇಕು, ಆದಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅಕ್ಕ ಅಳಲಿಲ್ಲ. ತರಗತಿಯಲ್ಲಿ ತಾನೇ ಕಟ್ಟಿ ಹೇಳುತ್ತಿದ್ದ ಕಥೆಗಳನ್ನು ಫೋನಿಗೆ ಹೇಳತೊಡಗಿದಳು. ಎರಡು ತಿಂಗಳಲ್ಲಿ ಎಂಬತ್ತನಾಲ್ಕು ಕಥೆ. ಫೋನು ತುಂಬಿದಂತೆಲ್ಲ ಅವನ್ನು ಕಂಪ್ಯೂಟರಿಗೆ ಇಳಿಸಿ, ಒಂದರಿಂದ ಎಂಬತ್ತನಾಲ್ಕರವರೆಗೆ ಕ್ರಮಸಂಖ್ಯೆ ಹಾಕಿ, ಫೋನಿನಿಂದ ಅಳಿಸಿದವನು ನಮ್ಮ ದರಪಟ್ಟಿ.

ಶಸ್ತ್ರಚಿಕಿತ್ಸೆಯಾಗಿ ವರ್ಷವಾದ ಮೇಲೆ ಕಂಪ್ಯೂಟರಿನ ಹೊಟ್ಟೆಯಿಂದ ಕಟಕ್ ಕಟಕ್ ಎಂಬ ಸದ್ದು ಶುರುವಾಯಿತು. ಅಕ್ಕ ತನ್ನ ಹಲಗೆಯ ಮೇಲೆ ಬರೆದು ತೋರಿಸಿದಳು: "ಕಥೆಗಳನ್ನ ಬೇರೆ ಕಡೆ ಇಡೋ. ಅಲ್ಲಿ ಬಿಟ್ಟರೆ ನನ್ನ ದನಿ ಇನ್ನೆಲ್ಲೂ ಇಲ್ಲ."

"ನಾನೇ ಮೂಲೆ ಅಂಗಡೀಲಿ ಒಂದು ಡಿಸ್ಕ್ ತಂದ್ಬಿಡ್ಲಾ?" ಅಂದಳು ಹೆಂಡತಿ.

ಅವನು ಹಾವು ತುಳಿದವನಂತೆ ಹಾರಿದ. "ಅಲ್ಲಿ ಸಿಗೋದು ಪ್ಲಾಸ್ಟಿಕ್ ಕಣೇ! ಬಿಸಿಯಾದ್ರೆ ಗತಿ ಏನು? ಅಕ್ಕನ ದನಿ ಇಡೋದಕ್ಕೆ ಸಿಕ್ಕಿದ್ದನ್ನ ತರಕ್ಕಾಗುತ್ತಾ? ನಾನು ವಿಚಾರಿಸ್ತೀನಿ."

ವಿಚಾರಿಸಿದ. ಅಯ್ಯೋ, ಅವನು ವಿಚಾರಿಸಿದ್ದನ್ನು ಏನೆಂದು ಹೇಳುವುದು! ತಿರುಗುವ ಡಿಸ್ಕಾದರೆ ಜಾಗ ಜಾಸ್ತಿ, ಕೈಜಾರಿ ಬಿದ್ದರೆ ಕಥೆ ಮುಗಿಯಿತು. ತಿರುಗದ ಡಿಸ್ಕಾದರೆ ಚುರುಕು, ಆದರೆ ದುಬಾರಿ. ಕಟ್ಟಿಟ್ಟ ರೆಡಿಮೇಡ್ ಕೊಳ್ಳುವುದೋ, ಡಿಸ್ಕ್ ಬೇರೆ, ಅದು ಕೂರುವ ಎನ್‌ಕ್ಲೋಷರ್ ಎಂಬ ಪೆಟ್ಟಿಗೆ ಬೇರೆ ಕೊಳ್ಳುವುದೋ? ಪೆಟ್ಟಿಗೆಯಾದರೆ ಒಂದು ಡಿಸ್ಕಿನದೋ, ಎರಡು ಡಿಸ್ಕಿನದೋ? ಫ್ಯಾನ್ ಇದ್ದರೆ ಸದ್ದು, ಇಲ್ಲದಿದ್ದರೆ ಸೆಕೆ. ವೈರು ಗಿಡ್ಡವಾದರೆ ಮೇಜಿನ ಹಿಂದೆ ಬಗ್ಗಬೇಕು, ಉದ್ದವಾದರೆ ಕಾಲಿಗೆ ತೊಡರುತ್ತದೆ. ಹೋಲಿಕೆ ಪಟ್ಟಿ ನಲವತ್ತೆರಡು ಕಾಲಮ್ಮಿಗೆ ಬೆಳೆಯಿತು. ಅಂತರ್ಜಾಲದಲ್ಲೇ ಒಂದು ಪ್ರತಿ ಇಟ್ಟುಬಿಡಿ ಎಂದು ಸಹೋದ್ಯೋಗಿಯೊಬ್ಬ ಹೇಳಿದ್ದಕ್ಕೆ, ಅದಕ್ಕೂ ಒಂದು ಪ್ರತ್ಯೇಕ ಪಟ್ಟಿ ತೆರೆದು ಪಕ್ಕಕ್ಕಿಟ್ಟ.

ಕಂಪ್ಯೂಟರ್ ಅಂಗಡಿಯವನು ಒಂದು ಸಂಜೆ ಕೈಮುಗಿದೇಬಿಟ್ಟ. "ಸಾರ್, ನೀವು ಬರ್ತಿರೋದು ಇದು ಒಂಬತ್ತನೇ ಸಲ. ನನ್ನ ಪಾಲುದಾರನೂ ಅಂಗಡಿಗೆ ಇಷ್ಟು ಸಲ ಬಂದಿಲ್ಲ. ಯಾವ್ದಾದ್ರೂ ಒಂದು ತಗೊಳ್ಳಿ ಸಾರ್, ಎಲ್ಲಾ ಕೆಲಸ ಮಾಡ್ತವೆ."

"ಎಲ್ಲಾ ಕೆಲಸ ಮಾಡೋದಾದ್ರೆ ಆರಿಸೋದು ಹೇಗಪ್ಪಾ?" ಅಂದ ದರಪಟ್ಟಿ. ಅಂಗಡಿಯವನು ಮುಂದಿನ ಗಿರಾಕಿಯ ಕಡೆ ತಿರುಗಿದ. ಇದಕ್ಕೆ ಉತ್ತರ ಬ್ರಹ್ಮನ ಬಳಿಯೂ ಇರಲಿಕ್ಕಿಲ್ಲ.

ಕಚೇರಿಯಲ್ಲಿ ಡಬ್ಬಿಗೊಂದು ರಿಜಿಸ್ಟರು, ಡಬ್ಬಿಯೊಳಗಿನ ಸಾಮಾನಿಗೆ ಇನ್ನೊಂದು. ಹಾಗಾಗಿ ಮನೆಯಲ್ಲೂ ಪೆಟ್ಟಿಗೆಗೆ ಒಂದು ಕಡತ, ಡಿಸ್ಕಿಗೆ ಬೇರೆ ಕಡತ. ಪೆಟ್ಟಿಗೆಯ ಮೂರು ದರಪಟ್ಟಿಗಳು ಹೇಗೋ ಒಂದೇ ತಿಂಗಳೊಳಗೆ ಕೂಡಿಬಂದವು. ಎರಡು ಡಿಸ್ಕ್ ಹಿಡಿಸುವ, ಅಪ್ಪಟ ಅಲ್ಯೂಮಿನಿಯಮ್ಮಿನ ಪೆಟ್ಟಿಗೆ ಮನೆಗೆ ಬಂತು. ಅವನು ಅದನ್ನು ಒರೆಸಿ, ಮೇಜಿನ ಮೇಲೆ ಕೂರಿಸಿ, ಸ್ವಿಚ್ ಹಾಕಿದ. ನೀಲಿ ದೀಪ ಹೊತ್ತಿಕೊಂಡಿತು. ಮನೆಯವರೆಲ್ಲ ನೋಡಿದರು.

ಅಕ್ಕ ಹಲಗೆ ಎತ್ತಿ ಹಿಡಿದಳು: "ಒಳಗೆ?"

"ಒಳಗಿಂದು ಇನ್ನೂ ಪರಿಶೀಲನೇಲಿದೆ ಅಕ್ಕ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ," ಅಂದಳು ಹೆಂಡತಿ. "ರೀ, ಆ ಸದ್ದು ಜೋರಾಗ್ತಿದೆ. ಮೀನಮೇಷ ಎಣಿಸ್ತಾ ಕೂತ್ರೆ ಅತ್ತಿಗೆ ಕಥೆಗಳು ಉಳಿಯಲ್ಲ. ಹೇಳಿದೀನಿ, ಆಮೇಲೆ ನನ್ನ ಕೇಳಬೇಡಿ."

"ಇನ್ನೊಂದೇ ದರಪಟ್ಟಿ ಬರಬೇಕು. ಸ್ವಲ್ಪ ತಡಕೋ."

ಅದು ಬಂತು, ಮೂವತ್ತೊಂದನೇ ದಿನ. ಅಷ್ಟರಲ್ಲಿ ಮೊದಲನೆಯದರ ಆಯುಸ್ಸು ಮುಗಿದಿತ್ತು. ಆಮೇಲೂ ಎರಡು ಸಲ ಹೀಗೇ ಆಯಿತು. ನಾಲ್ಕನೇ ಸುತ್ತಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಮೂರೂ ದರಪಟ್ಟಿ ಜೀವಂತವಾಗಿ ಕೈಸೇರಿದವು. ಸಂಭ್ರಮದಿಂದ ಹೋಲಿಕೆ ಪಟ್ಟಿ ತುಂಬಲು ಕಂಪ್ಯೂಟರ್ ಹಾಕಿದ. ಕಟಕ್ ಅಂತು. ಪರದೆ ಕಪ್ಪಾಯಿತು. ಮತ್ತೆ ಹಾಕಿದ. ಕಪ್ಪು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಕೇಳಿದ್ದೇವೆ. ಇವನು ಇನ್ನೂ ಬಾಗಿಲಿಗೆ ಮರ ಆರಿಸುತ್ತಿದ್ದ.

ಕೆಟ್ಟ ಡಿಸ್ಕುಗಳಿಂದ ಮಾಹಿತಿ ತೆಗೆದುಕೊಡುವ ಹೆಂಗಸೊಬ್ಬಳ ಕೋಣೆ ಅಲ್ಲೇ ಮೂರು ಬೀದಿ ಆಚೆ, ಮಹಡಿಯ ಮೇಲೆ. ಅವನು ಹೊತ್ತು ತಂದ ಕಂಪ್ಯೂಟರಿನಿಂದ ಡಿಸ್ಕ್ ಬಿಚ್ಚಿ, ಅವಳು ಅದನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ, ಕಿವಿ ಹತ್ತಿರ ತಂದು ಕೇಳಿಸಿಕೊಂಡು, ತಲೆಯಾಡಿಸಿದಳು.

"ಸಾರ್, ಇದು ಇನ್ನು ಹೆಚ್ಚು ಹೊತ್ತು ಓಡಲ್ಲ. ಪಟ್ಟಿ ಕಾಣ್ತಿದೆ, ಒಂದೊಂದೇ ಎಳೀಬೇಕು. ಓಡ್ತಾ ಓಡ್ತಾ ನಿಂತ್ಹೋಗುತ್ತೆ. ನಿಮಗೆ ತುಂಬ ಬೇಕಾಗಿರೋದು ಯಾವ್ದು ಹೇಳಿ, ಅದನ್ನೇ ಮೊದಲು ತೆಗೀತೀನಿ."

ಪರದೆಯ ಮೇಲೆ ಒಂದು, ಎರಡು, ಮೂರು ಎಂದು ಎಂಬತ್ತನಾಲ್ಕರವರೆಗೆ ಅಂಕಿಗಳು. ಅವನೇ ಹಾಕಿದ ಅಂಕಿಗಳು. ಯಾವುದರಲ್ಲಿ ಯಾವ ಕಥೆ ಇದೆ? ಅವನಿಗೆ ಗೊತ್ತಿರಲಿಲ್ಲ. ಒಂದನ್ನಾದರೂ ಅವನು ಕೇಳಿರಲಿಲ್ಲ. ಭದ್ರವಾಗಿ ಇಟ್ಟ ಮೇಲೆ ನಿಧಾನವಾಗಿ ಕೇಳಿದರಾಯಿತು ಎಂದುಕೊಂಡಿದ್ದ. ನಾಚಿಕೆಯಿಂದ ಆ ಅಂಕಿಗಳನ್ನೇ ಮೇಲಿಂದ ಕೆಳಕ್ಕೆ ಓದತೊಡಗಿದ.

"ಬೇಗ ಸಾರ್. ನೀವು ಯೋಚ್ನೆ ಮಾಡ್ತಿದ್ರೂ ಅದು ತಿರುಗ್ತಾನೇ ಇರುತ್ತೆ."

ಮನೆಗೆ ಫೋನ್ ಮಾಡಿದ. ಹೆಂಡತಿ ಎತ್ತಿದಳು. "ಅಕ್ಕನ್ನ ಕೇಳು, ಯಾವ ಕಥೆ ಮೊದಲು ಬೇಕು? ಎಷ್ಟನೇದು?" ಅತ್ತ ಬಳಪ ಗೀಚುವ ಸದ್ದು ಕೇಳಿಸಿತು. ಹೆಂಡತಿ ಓದಿ ಹೇಳಿದಳು: "ನಂಬರು ನನಗೇನು ಗೊತ್ತು, ಹಾಕಿದವನು ನೀನು. ಯಾವ್ದಾದ್ರೂ ಆಗ್ಲಿ, ಬೇಗ ತೆಗೆಸು ಅಂತ ಬರ್ದಿದಾರೆ ರೀ."

ಅವನು ಜೀವಮಾನದಲ್ಲಿ ಮೊದಲ ಬಾರಿಗೆ ಕಣ್ಣು ಮುಚ್ಚಿ ಪರದೆಯ ಮೇಲೆ ಬೆರಳಿಟ್ಟ. ಐವತ್ತಮೂರು. ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು. ಹನ್ನೊಂದು ಬಂದವು. ಹನ್ನೆರಡನೆಯದಕ್ಕೆ ಡಿಸ್ಕು ಒಮ್ಮೆ ಕಿರ್ರೆಂದು ನಿಂತಿತು. ಅವಳು ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಕೈಚೆಲ್ಲಿದಳು. ಬಂದಷ್ಟನ್ನು ತನ್ನ ಡ್ರಾಯರಿನಲ್ಲಿ ಬಿದ್ದಿದ್ದ ಸಣ್ಣ ಪ್ಲಾಸ್ಟಿಕ್ ಡಿಸ್ಕೊಂದಕ್ಕೆ ತುಂಬಿಕೊಟ್ಟಳು. ಯಾವ ಕಂಪನಿಯದು ಎಂದು ಅವನು ಕೇಳಲಿಲ್ಲ.

ಅವಳ ಕುರ್ಚಿಯಲ್ಲೇ ಕೂತು ಹನ್ನೊಂದನ್ನೂ ಕೇಳಿದ. ಒಂದರಲ್ಲಿ ನಡುವೆ ಕೆಮ್ಮು ಬಂದು, ಅಕ್ಕ "ತಡೀರಿ ಮಕ್ಕಳೇ, ನೀರು ಕುಡೀತೀನಿ" ಅಂದಿದ್ದಳು. ಅಲ್ಲಿ ಅವನು ಅತ್ತ.

ಮಧ್ಯಾಹ್ನ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಹನ್ನೊಂದು ಉಳಿದ್ವು ಅಕ್ಕ. ಎಲ್ಲಾ ಕೇಳ್ದೆ. ಚೆನ್ನಾಗಿವೆ, ತುಂಬಾ ಚೆನ್ನಾಗಿವೆ."

ಅಕ್ಕ ಬರೆದಳು: "ನಿನ್ನ ಬಗ್ಗೆ ಹೇಳಿದ್ದು ಅದರಲ್ಲಿತ್ತಾ?"

ಇರಲಿಲ್ಲ. ಅವನು ಜೇಬಿನಿಂದ ಆ ಪ್ಲಾಸ್ಟಿಕ್ ಡಿಸ್ಕ್ ತೆಗೆದು ಅಕ್ಕನ ಮುಂದೆ ಹಿಡಿದ. ಅಕ್ಕ ಸೆರಗಿನಿಂದ ಹಲಗೆ ಒರೆಸಿ, "ಹೋಗ್ಲಿ ಬಿಡು, ಊಟ ಮಾಡು" ಎಂದು ಬರೆದಳು.