ಬಾಯಿಯವರ ‘ಹೋ’

ಕಳೆದ ತಿಂಗಳು ನೌಪಾಡಾದ ಒಬ್ಬ ಅಕ್ಕಸಾಲಿಯ ಅಂಗಡಿಯಲ್ಲಿ ಕುಳಿತಿದ್ದೆ. ಹೆಂಡತಿಯ ಹಳೆಯ ಬಳೆಯೊಂದು ಜಜ್ಜಿಹೋಗಿತ್ತು. ಒಳಗೆ ಟೊಳ್ಳಾದ ಬಳೆ, ಅದಕ್ಕೆ ಅರಗು ತುಂಬಿಸಬೇಕಿತ್ತು. ಅಕ್ಕಸಾಲಿ ಅರಗಿನ ಕಡ್ಡಿಯನ್ನು ಉರಿಗೆ ಹಿಡಿದದ್ದೇ ತಡ, ಆ ವಾಸನೆ… ಸ್ವಲ್ಪ ಸಿಹಿ, ಸ್ವಲ್ಪ ಕಮಟು… ಮೂಗಿಗೆ ಬಡಿಯಿತು. ನಾನು ಎದ್ದು ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತೆ. ಹಿಂದೆಯೇ ಬಂದ ಹೆಂಡತಿ, “ಎಂತಾಯ್ತು? ತಲೆ ತಿರುಗ್ತದಾ?” ಎಂದಳು. ಇಲ್ಲ ಎಂದೆ. ಬಾಯಿ ನೆನಪಾದರು ಎಂದು ಆ ಗದ್ದಲದಲ್ಲಿ ಹೇಗೆ ಹೇಳುವುದು?

ಬಾಯಿ ಎಂದರೆ ಅನ್ನ ಉಣ್ಣುವ ಬಾಯಿಯಲ್ಲ. ಇಲ್ಲಿನ ಮರಾಠಿ ಶಾಲೆಗಳಲ್ಲಿ ಮಕ್ಕಳು ಹೆಣ್ಣು ಟೀಚರನ್ನು ಹಾಗೆ ಕರೆಯುತ್ತಾರೆ. ನಮ್ಮ ಬಾಯಿ ಉಡುಪಿ ಬದಿಯವರು. ಡೊಂಬಿವಲಿಯ ಕನ್ನಡ ಶಾಲೆಯೊಂದರಲ್ಲಿ ಕಲಿಸುತ್ತಿದ್ದರು, ಮಕ್ಕಳಿಲ್ಲದೆ ಅದು ಮುಚ್ಚಿದ ಮೇಲೆ ಮರಾಠಿ ಶಾಲೆಗೆ ಹೋದರು. ಆ ಹೆಸರು ಅಲ್ಲಿ ಅಂಟಿಕೊಂಡಿತು. ಆಮೇಲೆ ಕನ್ನಡದವರಿಗೂ ಅವರು ಬಾಯಿಯೇ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ನಾನು ಒಮ್ಮೆ ತಮಾಷೆ ಮಾಡಿದಾಗ, “ಬಾಯಿ ಇದ್ರೆ ಸಾಕಾಗುದಿಲ್ಲ ಮಾರಾಯ, ತೆರೀಬೇಕು” ಎಂದಿದ್ದರು. ಆಗ ನಕ್ಕಿದ್ದೆ.

ನಮ್ಮ ಪರಿಚಯವಾದದ್ದು ಮಹಾನಗರಪಾಲಿಕೆಯ ಒಂದು ಚುನಾವಣೆಯ ಹಿಂದಿನ ದಿನ. ನಾನು ಆಗ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಮಗಳು ಇನ್ನೂ ಕೈಗೂಸು. ಮತಯಂತ್ರ ಹಂಚುವ ಸಭಾಂಗಣದಲ್ಲಿ ಸಾಲು ಮುಂದೆ ಹೋಗುತ್ತಲೇ ಇರಲಿಲ್ಲ. “ಇದೆಂಥ ಕರ್ಮ ಮಾರಾಯ್ರೆ” ಎಂದು ನಾನು ಗೊಣಗಿದ್ದು ಮುಂದೆ ನಿಂತಿದ್ದ ಹೆಂಗಸಿನ ಕಿವಿಗೆ ಬಿತ್ತು. ಕಾಟನ್ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಕೊರಳಲ್ಲಿ ನೇತಾಡುವ ಕನ್ನಡಕ. ತಿರುಗಿ, “ಊರು ಯಾವುದು?” ಎಂದು ಕೇಳಿದರು. ಹತ್ತು ನಿಮಿಷದಲ್ಲಿ ನನ್ನ ಅಜ್ಜಿಮನೆಯ ತನಕ ವಿಚಾರಿಸಿ ಮುಗಿಸಿದ್ದರು. ಮತಗಟ್ಟೆಯ ಪಟ್ಟಿ ಓದಿದಾಗ ಅವರೇ ನಮ್ಮ ಕೇಂದ್ರದ ಅಧ್ಯಕ್ಷಾಧಿಕಾರಿ ಎಂದು ಗೊತ್ತಾಯಿತು. ಮತದಾರರ ಬೆರಳಿಗೆ ಶಾಯಿ ಹಚ್ಚುವ ಕೆಲಸ ನನಗೆ.

ಮರುದಿನ ಬೆಳಿಗ್ಗೆ ಯಂತ್ರಕ್ಕೆ ಮುದ್ರೆ ಹಾಕುವಾಗ ಅರಗನ್ನು ಹೇಗೆ ಹಿಡಿಯಬೇಕೆಂದು ಅವರೇ ತೋರಿಸಿಕೊಟ್ಟರು. ಕಡ್ಡಿಯನ್ನು ಓರೆ ಹಿಡಿ, ಗಡಿಬಿಡಿ ಮಾಡಬೇಡ, ಹನಿ ತಾನಾಗಿ ಬೀಳಲಿ. ಮೂರನೇ ಕ್ಲಾಸಿನ ಮಗುವಿಗೆ ಹೇಳಿದ ಹಾಗೆಯೇ ಹೇಳಿದ್ದರು.

ಮಧ್ಯಾಹ್ನ ಊಟದ ಹೊತ್ತು ಕಳೆದು ಸಾಲು ಕರಗಿತ್ತು. ಬಾಗಿಲಲ್ಲಿದ್ದ ಪೊಲೀಸಿನವನು ಚಹಾಕ್ಕೆ ಹೋಗಿದ್ದ. ಆಗ ಭಾವೂ ಒಳಗೆ ಬಂದರು. ಭಾವೂ ಎಂದರೆ ಅಣ್ಣ. ಆ ವಾರ್ಡಿನ ನಗರಸೇವಕ, ಮೂರು ಸಲ ಗೆದ್ದವರು, ಗಣಪತಿ ಮಂಡಳದಿಂದ ನಳ್ಳಿ ನೀರಿನ ತನಕ ಎಲ್ಲ ಅವರ ಕೈಯಲ್ಲಿ. ಜೊತೆಗೆ ಆರೇಳು ಜನ. ಬಾಗಿಲು ಮುಚ್ಚಿತು. ಬೇರೆ ಪಕ್ಷದ ಏಜೆಂಟರು ಯಾವಾಗ ಜಾರಿಕೊಂಡರೋ ನೋಡಿದವರಿಲ್ಲ.

“ಬಾಯಿ, ತುಮ್ಹೀ ಬಾಹೇರ್ ಬಸಾ. ಪಾಚ್ ಮಿನಿಟಾಂಚಂ ಕಾಮ್ ಆಹೇ,” ಎಂದರು ಭಾವೂ. ನೀವು ಹೊರಗೆ ಕೂತಿರಿ, ಐದು ನಿಮಿಷದ ಕೆಲಸ ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಯವರಿಗೆ ಹೇಳಿದಂತಿತ್ತು. ಅಷ್ಟರಲ್ಲಿ ಒಬ್ಬ ನಮ್ಮ ಮೇಜಿನ ಯಂತ್ರದಲ್ಲಿ ಮುಂದಿನ ಮತಕ್ಕೆ ದಾರಿ ಬಿಡುವ ಗುಂಡಿ ಒತ್ತತೊಡಗಿದ. ಇನ್ನೊಬ್ಬ ರಟ್ಟಿನ ಮರೆಯ ಹಿಂದೆ ನಿಂತು ಚಿಹ್ನೆ ಒತ್ತತೊಡಗಿದ. ಬೀಪ್… ಬೀಪ್… ಬೀಪ್… ಒಂದೊಂದು ಸದ್ದಿಗೂ ಒಬ್ಬೊಬ್ಬ ಮನುಷ್ಯನ ಮತ ಹೋಗುತ್ತಿತ್ತು. ನಾನು ಶಾಯಿಯ ಬಾಟಲಿ ಹಿಡಿದುಕೊಂಡು ನೋಡುತ್ತಾ ಕುಳಿತಿದ್ದೆ.

ಬಾಯಿ ಹೊರಗೆ ಹೋಗಲಿಲ್ಲ. ನೆಟ್ಟಗೆ ಬಂದು ಮೇಜಿನ ಮೇಲಿದ್ದ ಯಂತ್ರವನ್ನು ವೈರಿನ ಸಮೇತ ಎತ್ತಿ, ಮುಚ್ಚಳ ಸರಿಸಿ, ‘ಕ್ಲೋಸ್’ ಗುಂಡಿ ಒತ್ತಿಬಿಟ್ಟರು. ಅದನ್ನೊಮ್ಮೆ ಒತ್ತಿದರೆ ಮುಗಿಯಿತು, ಮತ್ತೆ ಬ್ರಹ್ಮ ಬಂದರೂ ಮತ ಬೀಳುವುದಿಲ್ಲ. ಬೀಪ್ ಸದ್ದು ನಿಂತಿತು. ಅವರು ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕುಳಿತರು. ಭಾವೂ ಒಂದು ಹೆಜ್ಜೆ ಮುಂದೆ ಬಂದರು. ಮಡಿಲಿನಿಂದ ಅದನ್ನು ಕಿತ್ತುಕೊಳ್ಳಬೇಕಾದರೆ ಆ ಹೆಂಗಸಿನ ಮೈ ಮುಟ್ಟಬೇಕಿತ್ತು… ಅಷ್ಟು ಧೈರ್ಯ ಅವರಿಗೂ ಇರಲಿಲ್ಲವೇನೋ. ಬಾಗಿಲಿಗೆ ಒಂದು ಒದೆ ಕೊಟ್ಟು ಹೊರಟುಹೋದರು.

ಆಮೇಲೆ ಚುನಾವಣೆಯ ಸಾಹೇಬರು ಬಂದರು. ಅವರಲ್ಲೊಬ್ಬರು ಬಾಯಿ ನಡೆದದ್ದನ್ನು ಬರೆಯುತ್ತಿದ್ದ ಮತಗಟ್ಟೆಯ ಡೈರಿಯ ಮೇಲೆ ಬಗ್ಗಿ, ‘ಅಜ್ಞಾತ ವ್ಯಕ್ತಿಗಳು’ ಎಂದು ಬರೆಯಿರಿ, ನಿಮಗೂ ಒಳ್ಳೆಯದು, ನಮಗೂ ಒಳ್ಳೆಯದು ಎಂದು ಮೆತ್ತಗೆ ಹೇಳಿದರು. ಬಾಯಿ ಬರೆಯುತ್ತಲೇ ಇದ್ದರು. ರಸ್ತೆಯ ತಿರುವಿನಲ್ಲಿ ಅವರದೇ ಆಳೆತ್ತರದ ಫೋಟೊ ಉಂಟಲ್ಲ ಸಾಹೇಬ್, ಅಜ್ಞಾತ ಹೇಗಾಗುತ್ತಾರೆ ಎಂದು ಮರಾಠಿಯಲ್ಲಿ ಕೇಳಿದರು. ಅವರು ಬರೆದದ್ದು ಭಾವೂ ಅವರ ಪೂರ್ತಿ ಹೆಸರು, ತಂದೆಯ ಹೆಸರು ಸಮೇತ. ಸಂಜೆ ಮುದ್ರೆ ಹಾಕುವಾಗ ನನ್ನ ಅರಗು ಮೇಜಿನ ತುಂಬ ಚೆಲ್ಲಿತು. ಅವರದ್ದು ಬೀಳಬೇಕಾದ ಜಾಗಕ್ಕೇ ಬಿತ್ತು.

ಮರುಮತದಾನವಾಯಿತು, ಕೇಸೂ ಆಯಿತು. ಪೊಲೀಸರ ಮುಂದೆ ನಾನು ಕಂಡದ್ದನ್ನೆಲ್ಲ ಹೇಳಿದೆ. ಬಿಸಿರಕ್ತ, ಹೇಳಿಬಿಟ್ಟೆ. ನಂತರ ಶುರುವಾಯಿತು ನೋಡಿ. ಸ್ಟೇಷನ್ ಹತ್ತಿರ ಅಪ್ಪ ನಡೆಸುತ್ತಿದ್ದ ಪುಟ್ಟ ಹೋಟೆಲಿಗೆ ದಿನಾ ಇಬ್ಬರು ಬರತೊಡಗಿದರು. ಬೈಯುವುದಿಲ್ಲ, ಬೆದರಿಸುವುದಿಲ್ಲ. ಗಲ್ಲಾದ ಎದುರಿನ ಟೇಬಲ್ಲಿನಲ್ಲೇ ಕುಳಿತು ಚಹಾ ಕುಡಿದು, “ಕಾಯ್ ಶೆಟ್ಟಿ, ಮುಲಗಾ ಬರಾ ಆಹೇ ನಾ?” ಎಂದು ನಗುವುದು. ಮಗ ಚೆನ್ನಾಗಿದ್ದಾನಷ್ಟೆ? ನಾವು ಶೆಟ್ಟರಲ್ಲ. ಆದರೆ ಇಲ್ಲಿ ಇಡ್ಲಿ ಮಾರುವವರೆಲ್ಲ ಶೆಟ್ಟಿಗಳೇ. ಅಪ್ಪ ರಾತ್ರಿಯ ಊಟ ಬಿಟ್ಟರು. ವರ್ಷಗಳು ಉರುಳಿ ಕೋರ್ಟಿನಲ್ಲಿ ನನ್ನ ಸರದಿ ಬಂದಾಗ ನಾನು ಹೇಳಿದ್ದು ಇಷ್ಟೇ: ಶಾಯಿಯ ಬಾಟಲಿ ಕೆಳಗೆ ಬಿದ್ದಿತ್ತು, ಬಗ್ಗಿ ಹುಡುಕುತ್ತಿದ್ದೆ, ಯಾರು ಬಂದರೋ ನೋಡಲಿಲ್ಲ.

ಸರಕಾರಿ ವಕೀಲರು ಪೆನ್ನು ಮುಚ್ಚಿದರು. ಉಳಿದಿಬ್ಬರು ಸಿಬ್ಬಂದಿಯೂ ಹೀಗೇ ಏನೋ ಒಂದು ಹೇಳಿ ಪಾರಾದರು. ಇನ್ನು ಉಳಿದದ್ದು ಬಾಯಿ ಒಬ್ಬರೇ. ಅವರ ಮಾತು ಗಟ್ಟಿಯಾಗಿ ನಿಂತರೆ ಕೇಸು ಉಳಿಯುತ್ತದೆ, ಬಿದ್ದರೆ ಭಾವೂ ನಗುತ್ತಾ ಮನೆಗೆ ಹೋಗುತ್ತಾರೆ.

ನಾನು ಅವರಿಗೆ ಮುಖ ತೋರಿಸುವುದನ್ನೇ ಬಿಟ್ಟಿದ್ದೆ. ಫೋನ್ ಮಾಡಿದ್ದು ಅವರೇ. “ನಾಡಿದ್ದು ನನ್ನ ಸಾಕ್ಷಿ ಉಂಟು. ಒಬ್ಬಳೇ ಹೋಗ್ಲಿಕ್ಕೆ ಬೇಜಾರು. ಬರ್ತೀಯಾ?” ಎಂದರು. ನಾನು ತಡವರಿಸುತ್ತಾ ಅಪ್ಪನ ಹೋಟೆಲಿನ ಕಥೆ ಶುರುಮಾಡಿದೆ. “ಅದೆಲ್ಲ ನಂಗೆ ಗೊತ್ತುಂಟು ಮಾರಾಯ. ನೀನು ಎಂತ ಹೇಳುದು ಬೇಡ. ಸುಮ್ನೆ ಜೊತೆಗೆ ಬಾ,” ಎಂದರು. ಲೋಕಲ್ ರೈಲಿನಲ್ಲಿ ಅವರಿಗೆ ಕಿಟಕಿಯ ಸೀಟು ಸಿಕ್ಕಿತು. ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟರು. ನಾನು ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡೆ.

ಭಾವೂ ಅವರ ವಕೀಲರು ಬಹಳ ಸೌಜನ್ಯದವರು, ಬೆಣ್ಣೆಯಿಂದ ಕೂದಲು ತೆಗೆದಂತೆ ಪ್ರಶ್ನೆ ಕೇಳುತ್ತಿದ್ದರು. ಬಾಯಿ ಒಳ್ಳೆಯ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು. ಒಂದೂವರೆ ಗಂಟೆಯ ನಂತರ ವಕೀಲರು, ಮುದುಕರಿಗೆ ಮೆಟ್ಟಿಲು ಹತ್ತಲು ಕಷ್ಟವಾಗುತ್ತಿತ್ತು, ನನ್ನ ಕಕ್ಷಿದಾರರು ಮತದಾರರಿಗೆ ಸಹಾಯ ಮಾಡಲೆಂದೇ ಒಳಗೆ ಬಂದಿದ್ದರು, ಅಲ್ಲವೇ ಬಾಯಿ ಎಂದು ಕೇಳಿದರು. ಬಾಯಿಗೆ ಸಿಟ್ಟು ನೆತ್ತಿಗೇರಿತು.

“ಹೋ…!” ಎಂದರು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆಯನ್ನು ಹಿಂದಕ್ಕೆ ಮಾಡಿ ‘ಹೋ…’ ಎಂದು ಎಳೆದರೆ, ‘ಆಹಾ, ನಿನ್ನ ಪುರಾಣ ನಾನು ನಂಬಿದೆ!’ ಎಂದು ಅರ್ಥ. ಆದರೆ ಮರಾಠಿಯಲ್ಲಿ ‘ಹೋ’ ಎಂದರೆ ಹೌದು. ಮೂವತ್ತು ವರ್ಷ ಮರಾಠಿ ಮಕ್ಕಳ ಹಾಜರಿ ಕರೆದವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಸಿಟ್ಟು ಬಂದಾಗ ಮರಾಠಿ ಎಲ್ಲಿ ನೆನಪಿರುತ್ತದೆ? ವಕೀಲರು ತಟ್ಟನೆ ಕುಳಿತರು, ಇನ್ನು ಪ್ರಶ್ನೆಯಿಲ್ಲ ಎಂದರು. ಬೆರಳಚ್ಚಿನವರು ಟಕಟಕ ಹೊಡೆದರು. ಕೋರ್ಟಿನ ಕಾಗದದಲ್ಲಿ ಒಂದಕ್ಷರದ ‘ಹೋ’ ಹಾಗೇ ಉಳಿಯುವುದಿಲ್ಲ, ಪೂರ್ತಿ ವಾಕ್ಯವಾಗುತ್ತದೆ: ‘ಆರೋಪಿಯು ಮತದಾರರಿಗೆ ಸಹಾಯ ಮಾಡಲು ಬಂದಿದ್ದರು ಎನ್ನುವುದು ನಿಜ.’

ಸಾಕ್ಷಿ ಮುಗಿಸಿದವರು ಸಾಮಾನ್ಯವಾಗಿ ಆ ಕಾಗದವನ್ನು ಓದುವುದಿಲ್ಲ. ಒಂದು ಸಹಿ ಗೀಚಿ, ಬದುಕಿದೆಯಾ ಬಡಜೀವವೇ ಎಂದು ಓಡುತ್ತಾರೆ. ಬಾಯಿ ಕನ್ನಡಕ ಏರಿಸಿ ಮೊದಲಿನಿಂದ ಓದತೊಡಗಿದರು. ಮೊದಲ ಪುಟದಲ್ಲೇ ಎರಡು ಹ್ರಸ್ವ-ದೀರ್ಘದ ತಪ್ಪು ಹಿಡಿದು ಬೆರಳಚ್ಚಿನವರಿಗೆ ತೋರಿಸಿದರು. ಕೊನೆಯ ಪುಟಕ್ಕೆ ಬಂದಾಗ ಅವರ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು.

“ಸಾಹೇಬ್, ಹೇ ಮೀ ಮ್ಹಟಲಂ ನಾಹೀ,” ಎಂದರು. ಇದನ್ನು ನಾನು ಹೇಳಿಲ್ಲ.

ವಕೀಲರು ಎದ್ದು ನಿಂತರು. ಇಡೀ ಕೋರ್ಟು ‘ಹೋ’ ಎಂದದ್ದನ್ನು ಕೇಳಿದೆ, ಈಗ ಮಾತು ಬದಲಿಸುತ್ತಿದ್ದಾರೆ ಎಂದರು. ಅದು ನಮ್ಮ ಭಾಷೆಯ ‘ಹೋ’ ಎಂದರು ಬಾಯಿ. ಯಾರೋ ಕಿಸಕ್ಕೆಂದರು. ಮ್ಯಾಜಿಸ್ಟ್ರೇಟರು ತಲೆಯೆತ್ತಿ, ಇಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದೀರಾ ಎಂದು ಕೇಳಿದರು.

ನಾನಿದ್ದೆ. ಕೊನೆಯ ಬೆಂಚಿನಲ್ಲಿ, ಚಕ್ಕುಲಿಯ ಪೊಟ್ಟಣ ಹಿಡಿದುಕೊಂಡು. ಎದ್ದು ನಿಂತು, ಹೌದು ಸ್ವಾಮಿ, ನಮ್ಮಲ್ಲಿ ಹೀಗೆ ಹೇಳುತ್ತಾರೆ ಎಂದರೆ ಸಾಕಿತ್ತು. ಭಾವೂ ಅವರ ಜನ ಎರಡು ಬೆಂಚಿನ ಮುಂದೆ ಕುಳಿತಿದ್ದರು. ನಾನು ನೆಲ ನೋಡಿದೆ… ಬಾಯಿಗೆ ಗೊತ್ತಿತ್ತು, ನಾನು ಅವರ ಬೆನ್ನ ಹಿಂದೆ ಇದ್ದೇನೆಂದು. ಒಮ್ಮೆ ತಿರುಗಿ ನೋಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಅವರು ತಿರುಗಲಿಲ್ಲ. ಅಂಥ ಹೊತ್ತಿನಲ್ಲೂ ಆಕೆ ನನ್ನನ್ನು ಕಾಪಾಡುತ್ತಿದ್ದರು.

ಯಾರೂ ಬೇಡ ಸಾಹೇಬ್, ನಾನೇ ತೋರಿಸುತ್ತೇನೆ ಎಂದರು. ಆಮೇಲೆ ಆ ಕೋರ್ಟು ಅವರ ಕ್ಲಾಸಾಯಿತು. ಹಾಜರಿ ಕರೆದಾಗ ಮಗು ಹೇಳುವ ‘ಹೋ’ ಇದು ಎಂದು ಚುಟುಕಾಗಿ ಹೇಳಿದರು. ಇನ್ನು, ಮನೆಪಾಠ ಮಾಡದ ಹುಡುಗ ‘ಬಾಯಿ, ಲಾಯಿಟ್ ಗೇಲೀ ಹೋತೀ’ ಎನ್ನುತ್ತಾನೆ, ಅವನ ಬಿಲ್ಡಿಂಗಿನಲ್ಲೇ ನಾನೂ ಇದ್ದೇನೆ, ಕರೆಂಟು ಹೋಗಿರಲಿಲ್ಲ, ಆಗ ನಾನು ಹೇಳುವುದು ಇದು ಎಂದು ತಲೆ ಹಿಂದಕ್ಕೆ ಮಾಡಿ, “ಹೋ…!” ಎಂದರು. ಬಾಗಿಲ ಬಳಿಯ ಪೊಲೀಸಿನವನೂ ನಕ್ಕ. ಮ್ಯಾಜಿಸ್ಟ್ರೇಟರು ನಗು ಅದುಮಿಕೊಂಡು ಪೆನ್ನು ತೆಗೆದರು. ಸಾಲನ್ನು ಹೊಡೆದು ಹಾಕಲಿಲ್ಲ. ಕೆಳಗೆ ತಮ್ಮ ಕೈಯಿಂದಲೇ ಬರೆದರು: ಸಾಕ್ಷಿಯು ಈ ಉತ್ತರವನ್ನು ಒಪ್ಪುವುದಿಲ್ಲ, ಆ ಉದ್ಗಾರವು ತಮ್ಮ ಮಾತೃಭಾಷೆಯದೆಂದೂ ಅದು ನಿರಾಕರಣೆಯೆಂದೂ ಹೇಳುತ್ತಾರೆ, ಉಚ್ಚಾರದ ಭೇದವನ್ನು ನ್ಯಾಯಾಲಯವು ಸ್ವತಃ ಕೇಳಿದೆ.

ಶಿಕ್ಷೆಯಾಯಿತು. ಭಾವೂ ಅಪೀಲಿಗೆ ಹೋದರು. ಶಿಕ್ಷೆಗೆ ತಡೆ ಸಿಕ್ಕಿತು, ಅವರ ಹುಟ್ಟುಹಬ್ಬದ ಬ್ಯಾನರುಗಳು ಮತ್ತೆ ಎದ್ದವು. ನನಗೆ ನಿರಾಸೆ. ಬಾಯಿಗೆ ಅದೂ ಇರಲಿಲ್ಲ. “ನಾವು ಹೇಳುದು ಹೇಳಿ ಆಯ್ತು. ಅದು ಕಾಗದದ ಮೇಲೆ ಸರಿ ಉಂಟಲ್ಲ, ಸಾಕು,” ಎನ್ನುತ್ತಿದ್ದರು. ಅಷ್ಟು ದೊಡ್ಡ ಮನುಷ್ಯನನ್ನು ಕಟಕಟೆಗೆ ತಂದ ಈ ಹೆಂಗಸು ಸಂಜೆ ಮಾರ್ಕೆಟ್ಟಿನಲ್ಲಿ ಬಸಳೆ ಸೊಪ್ಪಿಗೆ ಚೌಕಾಸಿ ಮಾಡುವುದನ್ನು ನೋಡಿದರೆ, ನಾನು ಕಂಡದ್ದು ನಿಜವೇ ಎಂದು ನನಗೇ ಅನುಮಾನವಾಗುತ್ತಿತ್ತು.

ನಾವು ಖಾರಘರಕ್ಕೆ ಮನೆ ಬದಲಿಸಿದ ಮೇಲೆ ಭೇಟಿ ಕಡಿಮೆಯಾಯಿತು. ಹೋದ ವರ್ಷ ಬಾಯಿ ತೀರಿಕೊಂಡರು. ಅದಾಗಿ ಎಂಟು ತಿಂಗಳಿಗೆ ಅಪೀಲು ವಜಾ ಆಯಿತು, ಭಾವೂ ಒಳಗೆ ಹೋದರು. ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಅದನ್ನು ಓದಿ ನನ್ನ ಕೈ ಫೋನಿನತ್ತ ಹೋಯಿತು. ಯಾರಿಗೆ ಮಾಡುವುದು…

ಕೈಗೂಸಾಗಿದ್ದ ಮಗಳು ಈಗ ವಕೀಲಿ ಓದುತ್ತಿದ್ದಾಳೆ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಬಳೆ ರಿಪೇರಿಗೆ ಕೊಟ್ಟು ಬಂದ ಆ ರಾತ್ರಿ ಊಟದ ಮೇಜಿನಲ್ಲಿ ಅವಳಿಗೆ ಬಾಯಿಯ ಕಥೆ ಹೇಳಿದೆ, ನನ್ನ ಪಾಲನ್ನು ಬಿಟ್ಟು. ಅವಳು ಅಲ್ಲೇ ಫೋನಿನಲ್ಲಿ ತೀರ್ಪು ಹುಡುಕಿ ತೆಗೆದಳು. ‘ಹೋ’ ಬಗ್ಗೆ ಎರಡು ಪುಟಗಳಿವೆ ಎಂದು ಕಣ್ಣರಳಿಸಿ ಓದಿದಳು. “ಕ್ಯಾ ಲೇಡೀ ಥೀ, ಪಪ್ಪಾ!” ಎಂದಳು. ಎಂಥ ಹೆಂಗಸು! ಆಮೇಲೆ ಪುಟ ಸರಿಸುತ್ತಾ ಸರಿಸುತ್ತಾ ಅವಳ ಬೆರಳು ನಿಂತಿತು. ಸಾಕ್ಷಿಗಳ ಪಟ್ಟಿಗೆ ಬಂದಿದ್ದಳು. ಎರಡನೆಯ ಸಾಕ್ಷಿ, ಪ್ರತಿಕೂಲ, ಎಂದರೆ ಮೊದಲು ಕೊಟ್ಟ ಹೇಳಿಕೆಗೆ ತಿರುಗಿಬಿದ್ದವನು, ಮತ್ತು ಅದರ ಮುಂದೆ ನನ್ನ ಹೆಸರು.

ಅವಳು ಫೋನನ್ನು ಮೇಜಿನ ಮೇಲಿಟ್ಟಳು. “ಆಪ್‌ನೇ ಸಚ್‌ಮೇ ನಹೀ ದೇಖಾ ಥಾ?” ಎಂದು ಕೇಳಿದಳು. ನಿಜವಾಗಿಯೂ ನೀವು ನೋಡಿರಲಿಲ್ಲವಾ?

ಅಡುಗೆಮನೆಯಲ್ಲಿ ಹೆಂಡತಿ ನಳ್ಳಿ ನಿಲ್ಲಿಸಿದಳು.

“ನೋಡಿದ್ದೆ ಮಗಾ,” ಎಂದೆ. “ಎಲ್ಲ ನೋಡಿದ್ದೆ.”