ಗಿಡುಗನಿಗೆ ಟ್ಯಾಂಕ್ ಇಟ್ಟ ಅತ್ತೆ

ಬಂಕಿನಕ್ಕನಿಗೆ ಒಂದು ಚಾಳಿ. ಯಾವ ಗಾಡಿ ಕಣ್ಣಿಗೆ ಬಿದ್ದರೂ ಮೊದಲು ಅದರ ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂದು ಹುಡುಕುವಳು. ಬಣ್ಣ ಹೇಗಿದೆ, ಒಳಗೆ ಕೂತವರು ಯಾರು, ಅದೆಲ್ಲ ಆಮೇಲೆ. ಯಾರದೋ ಮದುವೆಯ ಕಾರಿನಲ್ಲೂ ಹೂವಿನ ಹಾರ ಸರಿಸಿ ಮುಚ್ಚಳ ನೋಡಿ ಬೈಸಿಕೊಂಡಿದ್ದಳು.

ಪೆಟ್ರೋಲ್ ಬಂಕಿಗೆ ಅವಳು ಸೇರಿದ್ದು ಕಸ ಗುಡಿಸುವುದಕ್ಕೆ. ಒಂದು ದಿನ ಪೈಪು ಹಿಡಿಯುವವನು ಬರಲಿಲ್ಲ, ಗಾಡಿಗಳು ಸಾಲುಗಟ್ಟಿದವು, ಇವಳು ಪೊರಕೆ ಗೋಡೆಗೆ ಒರಗಿಸಿ ಪೈಪು ಎತ್ತಿಕೊಂಡಳು. ಆ ಪೈಪನ್ನು ಹಿಡಿದೇ ಕೂದಲು ಹಣ್ಣಾಯಿತು. ಎಷ್ಟು ಸೋಪು ಉಜ್ಜಿದರೂ ಕೈಯ ಪೆಟ್ರೋಲ್ ವಾಸನೆ ಹೋಗದು. ಗಾಡಿ ಬಂದರೆ ಅವಳ ಬಾಯಿಂದ ಎರಡೇ ಮಾತು: "ಎಂಜಿನ್ ಆಫ್ ಮಾಡಿ. ಜೀರೋ ನೋಡ್ಕೊಳ್ಳಿ." ಮೀಟರಿನ ಸೊನ್ನೆ ಗಿರಾಕಿಗೆ ತೋರಿಸದೆ ಒಂದು ತೊಟ್ಟೂ ಬಿಟ್ಟವಳಲ್ಲ.

ಗಂಡ ಮನೆಯ ಕೆಳಗಿನ ಅಂಗಡಿಯಲ್ಲಿ ಹಳೇ ಬ್ಯಾಟರಿ ರಿಪೇರಿ ಮಾಡುವವನು. ಆಸಿಡ್ ಹಾರಿ ಅವನ ಅಂಗಿಗಳೆಲ್ಲ ಜರಡಿ. ಮಗ ದೂರದೂರಿಗೆ ಬಸ್ಸು ಓಡಿಸುತ್ತಿದ್ದ. ಮನೆಯಲ್ಲಿದ್ದರೆ ಗೊರಕೆ, ಇಲ್ಲದಿದ್ದರೆ ಅದೂ ಇಲ್ಲ. ಉಳಿದವಳು ಸೊಸೆ. ಅವಳು ಮಕ್ಕಳ ವಾರಪತ್ರಿಕೆಯೊಂದಕ್ಕೆ ಚಿತ್ರಕಥೆ ಬರೆಯುತ್ತಿದ್ದಳು. ಅಡುಗೆಮನೆಯ ಮೇಜೇ ಅವಳ ಕಚೇರಿ. ತರಕಾರಿ ಹೆಚ್ಚಿ, ಒರೆಸಿ, ಅಲ್ಲೇ ಕಾಗದ ಹರಡುವಳು.

ಕಥೆಯ ನಾಯಕ ಗಿಡುಗ ಎಂಬ ಯಂತ್ರ. ಆಕಾಶದಲ್ಲಿದ್ದಾಗ ಯುದ್ಧವಿಮಾನ. ನೆಲಕ್ಕಿಳಿದರೆ ಬಾಲ ಸೀಳಿ ಕಾಲುಗಳಾಗಿ, ಮೂತಿ ಎದೆಯೊಳಗೆ ಸರಿದು, ರೆಕ್ಕೆ ಬೆನ್ನಿಗೆ ಮಡಚಿ, ಮನೆಮಾಡು ಮೀರಿಸುವ ಕಬ್ಬಿಣದ ಮನುಷ್ಯ. ಒಳಗೆ ಕೂತು ನಡೆಸುವವಳು ಒಬ್ಬ ಹುಡುಗಿ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಂದು ಬೆಳಿಗ್ಗೆ ಸಂಪಾದಕರ ಫೋನು ಬಂತು.

"ಅಲ್ಲಮ್ಮಾ, ಈ ಗಿಡುಗ ಏನು ತಿಂದು ಬದುಕ್ತಾನೆ ಅಂತ ಮಕ್ಕಳು ಕೇಳ್ತಿದ್ದಾರೆ. ವಾರ ವಾರ ಹಾರ್ತಾನೆ, ಬಡೀತಾನೆ, ಒಂದು ಸಲಾನೂ ಸುಸ್ತಾಗಲ್ಲ. ಸುಸ್ತೇ ಆಗದವನು ಗೆದ್ರೆ ಏನು ಮಜಾ? ಶುಕ್ರವಾರ ಕೊಡೋ ಕಂತಲ್ಲಿ ಉತ್ತರ ಇರ್ಬೇಕು. ಇಲ್ಲಾಂದ್ರೆ ಆ ಪುಟಕ್ಕೆ ಪದಬಂಧ ಹಾಕ್ತೀನಿ."

ಸೊಸೆಯ ಮುಖ ಇಳಿಯಿತು. ಆ ಮನೆಯಲ್ಲಿ ಇದು ನನ್ನದು ಎಂದು ಅವಳು ಬೆರಳಿಟ್ಟು ತೋರಿಸಬಹುದಾಗಿದ್ದದ್ದು ಆ ಒಂದು ಪುಟ.

ಸಂಜೆ ಕೆಲಸದಿಂದ ಬಂದ ಬಂಕಿನಕ್ಕ ವಿಷಯ ಕೇಳಿ, ಕನ್ನಡಕ ಏರಿಸಿ, ಗಿಡುಗನ ಚಿತ್ರ ಕೈಗೆ ತಗೊಂಡಳು.

"ಇವನಿಗೆ ಪೆಟ್ರೋಲ್ ಎಲ್ಲಿಂದ ಹಾಕ್ತೀಯೇ?"

ಸೊಸೆ ಯೋಚಿಸಿ ಬಾಲದ ಬುಡದಲ್ಲಿ ಒಂದು ಚುಕ್ಕೆ ಇಟ್ಟಳು. "ಇಲ್ಲಿ, ಅತ್ತೆ."

"ಮನುಷ್ಯ ಆದಾಗ ಆ ಜಾಗ ಎಲ್ಲಿಗೆ ಬರುತ್ತೆ?"

ಸೊಸೆ ಕಾಗದ ಮಡಚಿ ತಿರುಗಿಸಿ ನೋಡಿ ನಾಲಿಗೆ ಕಚ್ಚಿಕೊಂಡಳು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೂತ್ಕೊಂಡ ಅಂದ್ರೆ ಉಪವಾಸ, ಪಾಪ!"

ಗಂಡ ಬಾಗಿಲಲ್ಲೇ ನಿಂತು ಬಾಯಿ ಹಾಕಿದ. "ಪೆಟ್ರೋಲು ಗಿಟ್ರೋಲು ಯಾಕೆ? ದೊಡ್ಡದೊಂದು ಬ್ಯಾಟರಿ ಇಟ್ರೆ ಮುಗೀತು."

"ನಿಮ್ಮ ಬ್ಯಾಟರಿ ಹೊತ್ಕೊಂಡು ಹಾರೋದಿರ್ಲಿ, ಮೆಟ್ಟಿಲು ಹತ್ತೋಕಾಗುತ್ತೇನ್ರೀ? ಮೊನ್ನೆ ಲಾರಿ ಬ್ಯಾಟರಿ ಎತ್ತಿ ಸೊಂಟ ಹಿಡ್ಕೊಂಡಿದ್ದು ಯಾರು?"

"ನಿನ್ನ ಪೆಟ್ರೋಲು ಬೆರಳು ಮಡಚುತ್ತೇನೇ? ಕಣ್ಣು ಬಿಡುತ್ತೇನೇ? ಅದಕ್ಕೆಲ್ಲ ಕರೆಂಟೇ ಬೇಕು."

"ಹಾಗಾದ್ರೆ ಹಾರೋಕೆ ಪೆಟ್ರೋಲು, ನಡಿಯೋಕೆ ಬ್ಯಾಟರಿ," ಎಂದಳು ಸೊಸೆ ನಡುವೆ ಬಂದು. "ಹಾರುವಾಗ ಎಂಜಿನ್ನೇ ಬ್ಯಾಟರಿ ತುಂಬಿಸ್ಲಿ."

ಮಾವನಿಗೆ ಹುರುಪು ಬಂತು. "ಭಲೇ! ಕಾರಲ್ಲಿ ಆಗೋದೂ ಅದೇ. ಇನ್ನೊಂದು ಹೇಳ್ತೀನಿ ಕೇಳು. ಕಾರು ಸ್ಟಾರ್ಟ್ ಮಾಡುವಾಗ ಲೈಟು ಮಂಕಾಗಲ್ವಾ? ಹಾಗೇ ರೂಪ ಬದಲಿಸುವಾಗ ಇವನ ಕಣ್ಣು ಮಂಕಾಗ್ಬೇಕು. ಅಷ್ಟು ದೊಡ್ಡ ಮೈ ಮಡಚೋಕೆ ಇರೋ ಬರೋ ಕರೆಂಟೆಲ್ಲ ಬೇಕಲ್ಲ."

ಸೊಸೆ ಅದನ್ನೆಲ್ಲ ಸೇರಿಸಿ ಬರೆದಳು. ಮಂಕು ಕಣ್ಣಿನ ಗಿಡುಗ, ಸುತ್ತ ಶತ್ರುಯಂತ್ರಗಳು, ಹೊಗೆ, ಕಿಡಿ, ಪುಟದ ತುಂಬ ಯುದ್ಧ. ಶುಕ್ರವಾರ ಮಧ್ಯಾಹ್ನ ಶಾಯಿಯೂ ಒಣಗಿತು. ಟ್ಯಾಂಕಿನ ಜಾಗ ಮಾತ್ರ ಅತ್ತೆಗೆ ಸಮಾಧಾನ ತರಲಿಲ್ಲ. ರೆಕ್ಕೆಯೊಳಗೆ ಪೆಟ್ರೋಲ್ ಇಟ್ಟರೆ ಮಡಚುವಾಗ ಏನಾಗುತ್ತದೆ? ಕಣ್ಣಾರೆ ನೋಡಿಯೇ ಬಿಡೋಣ ಎಂದು ಬಿಸಿನೀರಿನ ರಬ್ಬರ್ ಚೀಲ ಎರಡು ತಂದು, ಗಂಡನ ಮಳೆಕೋಟಿನ ತೋಳುಗಳಿಗೆ ಕಟ್ಟಿದಳು. ಕೊಡಪಾನದಿಂದ ನೀರು ಹುಯ್ದಳು. ಕಂಠಪೂರ್ತಿ ತುಂಬಬಾರದು, ಗಾಳಿಗೆ ಜಾಗ ಬಿಡಬೇಕು ಎನ್ನುವುದು ಬಂಕಿನ ಅಭ್ಯಾಸ. ಅದರಂತೆ ಅರ್ಧಕ್ಕೇ ನಿಲ್ಲಿಸಿ ಬಿರಡೆ ಒತ್ತಿದಳು.

"ಹಾರ್ರೀ."

ಅವನು ಕೈ ಚಾಚಿ ಅಡುಗೆಮನೆಯಲ್ಲಿ ಒಂದು ಸುತ್ತು ಹಾರಿದ.

"ಈಗ ಮನುಷ್ಯ ಆಗಿ."

"ಇಷ್ಟು ದಿನ ಏನಾಗಿದ್ದೆ?" ಎನ್ನುತ್ತ ಅವನು ಕೈಗಳನ್ನು ಹಿಂದಕ್ಕೆ ಮಡಚಿದ.

ಅರ್ಧ ತುಂಬಿದ ಚೀಲ. ಒಳಗಿನ ನೀರು ದಡಕ್ಕೆಂದು ಒಂದೇ ಕಡೆಗೆ ನುಗ್ಗಿತು. ಗಿಡುಗ ಆಯ ತಪ್ಪಿ ವಾಲಿದ, ಮೇಜು ಹಿಡಿದ, ಬಿರಡೆ ಕಿತ್ತು ಹಾರಿತು. ನೀರೆಲ್ಲ ಆ ಪುಟದ ಮೇಲೆ. ಶತ್ರುಗಳು, ಹೊಗೆ, ಕಿಡಿ ಎಲ್ಲ ಕರಗಿ ಮೇಜಿನ ಅಂಚಿನಿಂದ ಕಪ್ಪಗೆ ತೊಟ್ಟಿಕ್ಕತೊಡಗಿದವು.

ಬಂಕಿನಕ್ಕ ಸೆರಗಿನಿಂದ ಒತ್ತಲು ಹೋದಳು, ಇನ್ನಷ್ಟು ಕದಡಿತು. "ಬಿಡಿ ಅತ್ತೆ," ಎಂದಳು ಸೊಸೆ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಅತ್ತೆಯನ್ನು ಹೆಚ್ಚು ಚುಚ್ಚಿತು.

"ಟ್ಯಾಂಕರ್ ಲಾರೀಲಿ ಒಳಗಡೆ ಅಡ್ಡಗೋಡೆ ಇರುತ್ತೆ," ಎಂದು ಅವಳು ತನಗೇ ಎಂಬಂತೆ ಗೊಣಗಿದಳು. "ತಿರುವಲ್ಲಿ ಎಣ್ಣೆ ಒಂದೇ ಕಡೆ ನುಗ್ಗಬಾರದು ಅಂತ. ದಿನಾ ನೋಡ್ತೀನಿ. ನನ್ನ ಬುದ್ಧಿ ಎಲ್ಲಿ ಮೇಯ್ತಿತ್ತೋ! ಇವನಿಗೂ ಸಣ್ಣ ಸಣ್ಣ ಕೋಣೆ ಮಾಡ್ಬೇಕಿತ್ತು ಕಣೇ."

ಸೊಸೆ ಗಡಿಯಾರ ನೋಡಿದಳು. ಅಷ್ಟು ದೊಡ್ಡ ಯುದ್ಧ ಮತ್ತೆ ಬರೆಯಲು ಹೊತ್ತಿರಲಿಲ್ಲ. ಒದ್ದೆ ಪುಟ ಬದಿಗೆ ಸರಿಸಿದವಳು ಇದ್ದಕ್ಕಿದ್ದಂತೆ ಕೇಳಿದಳು: "ಅತ್ತೆ, ಬಂಕಿಗೆ ತುಂಬಾ ಅರ್ಜೆಂಟು ಅಂತ ಬಂದವರಿಗೆ ಏನು ಮಾಡ್ತೀರಿ?"

"ಮಾಡೋದೇನು? ಆಂಬುಲೆನ್ಸ್ ಬಂದ್ರೂ ಅಷ್ಟೇ, ಎಂಜಿನ್ ಆಫ್ ಮಾಡು ಅಂತೀನಿ."

"ಯುದ್ಧ ನಡೀತಿದ್ರೆ?"

"ಆಗ್ಲೂ ಆಫ್ ಮಾಡ್ಲೇಬೇಕು. ಇಲ್ಲಾಂದ್ರೆ ಶತ್ರು ಯಾಕೆ ಬೇಕು, ನಾವೇ ಸುಟ್ಟು ಬೂದಿಯಾಗ್ತೀವಿ."

ಸೊಸೆ ಹೊಸ ಹಾಳೆ ಎಳೆದುಕೊಂಡಳು. ಈ ಸಲ ಕೆಲವೇ ದೊಡ್ಡ ಚೌಕಗಳು, ಬಹುಪಾಲು ಕಪ್ಪು. ಟ್ಯಾಂಕು ಬರಿದಾಗಿ ಗಿಡುಗ ಗುಡ್ಡದ ಮರೆಯಲ್ಲಿ ಮಂಡಿಯೂರಿದ್ದಾನೆ. ಮುಚ್ಚಳ ಈಗ ಹೆಗಲ ಮೇಲೆ. ವಿಮಾನವಾದರೂ ಮನುಷ್ಯನಾದರೂ ಕೈಗೆ ಸಿಗುವ ಜಾಗ. ಏಣಿ ಹಾಕಿ ಹತ್ತಿದ ಒಬ್ಬ ಮುದುಕಿ ಪೈಪು ಹಿಡಿದು ನಿಂತಿದ್ದಾಳೆ. "ಎಂಜಿನ್ ಆಫ್ ಮಾಡಮ್ಮಾ." ಗಿಡುಗನ ಕಣ್ಣು ಆರುತ್ತದೆ. ಒಳಗೆ ಹುಡುಗಿ ಒಬ್ಬಳೇ, ಪೆಟ್ರೋಲ್ ಕೋಣೆಯಿಂದ ಕೋಣೆಗೆ ಇಳಿಯುವ ಗುಳುಗುಳು ಸದ್ದು ಕೇಳುತ್ತ. ಗುಡ್ಡದಾಚೆ ಶತ್ರುಗಳ ದೀಪ ಹತ್ತಿರವಾಗುತ್ತಿದೆ. ಮುದುಕಿ ಮಾತ್ರ ಅವಸರಪಡುವುದಿಲ್ಲ.

ಕಪ್ಪು ತುಂಬುವ ಕೆಲಸ ಮಾವನ ಪಾಲಿಗೆ ಬಂತು. ಪುಟ ಒಣಗುತ್ತಲೇ ಅವನು ಸ್ಕೂಟರಿನಲ್ಲಿ ಹೊರಟ. ದಾರಿಯಲ್ಲಿ ಸ್ಕೂಟರು ಕೆಮ್ಮಿ ನಿಂತಿತು. ಪೆಟ್ರೋಲಿಲ್ಲ! ಬಂಕಿನಕ್ಕನ ಗಂಡ ಗಾಡಿ ತಳ್ಳಿಕೊಂಡು, ಬೆವರು ಸುರಿಸುತ್ತ, ಪತ್ರಿಕೆಯ ಕಚೇರಿ ಬಾಗಿಲು ಹಾಕುವ ಹೊತ್ತಿಗೆ ತಲುಪಿದ. ಈ ಸಂಗತಿ ಅವನಾಗಿ ಹೇಳಲಿಲ್ಲ. ಆದರೆ ಆ ಬೀದಿಯ ಆಟೋದವರೆಲ್ಲ ಅವಳ ಗಿರಾಕಿಗಳು.

ಪತ್ರಿಕೆ ಬಂದ ವಾರ ಸಂಪಾದಕರು ಮತ್ತೆ ಫೋನು ಮಾಡಿದರು. "ಪದಬಂಧದ ಮಾತು ಬಿಡಮ್ಮಾ. ಟ್ಯಾಂಕು ತುಂಬೋದರೊಳಗೆ ಶತ್ರು ಬಂದುಬಿಟ್ರೆ ಅಂತ ಮಕ್ಕಳು ಉಗುರು ಕಚ್ಕೊಂಡು ಕೂತಿದ್ದಾರೆ. ಆ ಪೈಪಿನಜ್ಜಿ ಇನ್ನೂ ಬರ್ತಾಳೆ ತಾನೇ?"

ಸೊಸೆ ಓಡಿಬಂದು ಪತ್ರಿಕೆಯನ್ನು ಅತ್ತೆಯ ಕೈಗಿತ್ತಳು. ಬಂಕಿನಕ್ಕ ಕನ್ನಡಕ ಏರಿಸಿ ಪೈಪಿನಜ್ಜಿಯನ್ನು ಬಹಳ ಹೊತ್ತು ದಿಟ್ಟಿಸಿದಳು. ಕಣ್ಣಂಚು ಒದ್ದೆಯಾದದ್ದನ್ನು ಗಂಡ ನೋಡಿಬಿಟ್ಟ. ಅದಕ್ಕೇ ಅವಳು ದನಿ ಗಡುಸು ಮಾಡಿಕೊಂಡಳು.

"ಎಲ್ಲ ಸರಿ ಕಣೇ. ಆದ್ರೆ ಇವಳು ಜೀರೋ ತೋರಿಸೇ ಇಲ್ಲ. ಕಣ್ಣು ಬಿಟ್ಟ ಕೂಡ್ಲೇ ಗಿಡುಗ ಜಗಳಕ್ಕೆ ಬರ್ತಾನೆ ನೋಡು."

"ತೋರಿಸ್ತಾಳೆ ಬಿಡಿ ಅತ್ತೆ," ಎಂದಳು ಸೊಸೆ, ಆಗಲೇ ಮೇಜು ಒರೆಸುತ್ತ.